ಸಿಂಹಳದ ಕಡಲ ದಾರಿಯಲ್ಲಿ ಒಂದು ಹಗಲು

ಮೂವತ್ತೈದು ವರ್ಷಕಾಲ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿದ ನಾವು, ಧೀರಪುರುಷನ ಲಕ್ಷಣವನ್ನು ವಿವರಿಸುವಾಗಲೆಲ್ಲ ಸಮುದ್ರವನ್ನೇ ಉಪಮಾನವಾಗಿ ಹೇಳುತ್ತಿದ್ದೆವು. ಎಷ್ಟು ಉಕ್ಕಿದರೂ ಸಮುದ್ರವು ತನ್ನ ವೇಲೆಯನ್ನು, ಎಂದರೆ ದಡದ ಮೇರೆಯನ್ನು, ಮೀರದೆಂಬುದು ಪ್ರಾಚೀನ ಕವಿಗಳ ಸಂಪ್ರದಾಯ. ಸಿಂಹಳದಲ್ಲಿ ಒಂದು ಹಗಲು ಕಳೆದ ಮೇಲೆ ಆ ಪಾಠವನ್ನು ನಾವೇ ತಿದ್ದಿಕೊಳ್ಳಬೇಕಾಯಿತು.

ಬೆಳಗಿನ ಜಾವದಲ್ಲಿ ನಾವೂ ನಮ್ಮ ಮನೆಯವರೂ ಕೊಲಂಬೊ ನಗರದಿಂದ ಮೋಟಾರಿನಲ್ಲಿ ಹೊರಟೆವು. ತೆಂಕಣ ತುದಿಗೆ ಸಮೀಪದ ಗಾಲ್ ಪಟ್ಟಣಕ್ಕೆ ಅಲ್ಲಿಂದ ಸುಮಾರು 120 ಕಿಲೋಮೀಟರು. ಬಲಗಡೆಗೆ ಕಡಲು, ಎಡಗಡೆಗೆ ತೆಂಗಿನ ತೋಟಗಳು. ರೈಲುಹಳಿಯೂ ಉದ್ದಕ್ಕೂ ನಮಗೆ ಜೊತೆಯಾಗಿದ್ದಿತು. ಕಳುತರದಲ್ಲಿ ಕಳುಗಂಗೆಯನ್ನು ದಾಟಿದೆವು. ಸಿಂಹಳ ಭಾಷೆಯಲ್ಲಿ ನದಿಗೆಲ್ಲ ಗಂಗೆಯೆಂದೇ ಹೆಸರು. ಕಳು ಎಂದರೆ ಕಪ್ಪು. ಪರದೇಶದಲ್ಲಿ ಪರಿಚಿತ ಶಬ್ದವೊಂದು ಎದುರಾದರೆ ನೆಂಟರನ್ನು ಕಂಡಷ್ಟೇ ಸಂತೋಷವಾಗುವುದು. ಬೆಂತೋಟದ ಬಳಿ ಕಿತ್ತಳೆ ಬಣ್ಣದ ಎಳನೀರನ್ನು ಕುಡಿದೆವು. ಅದನ್ನು ಅಲ್ಲಿಯವರು ತಂಬಿಲಿ ಎನ್ನುವರು. ಮರದ ಮುಖವಾಡಗಳಿಗೆ ಹೆಸರಾದ ಅಂಬಲಂಗೊಡವನ್ನು ದಾಟುವವರೆಗೂ ನಮ್ಮ ಮಾತು ನಗೆಯಿಂದಲೇ ಕೂಡಿದ್ದಿತು.

ಅನಂತರ ಪೆರಾಲಿಯ ಎಂಬ ಹಳ್ಳಿಯಲ್ಲಿ ಸಾರಥಿಯು ನಾವು ಕೇಳದೆಯೇ ಗಾಡಿಯನ್ನು ನಿಲ್ಲಿಸಿದನು. 2004ರ ಡಿಸೆಂಬರ್ 26, ಹುಣ್ಣಿಮೆಯ ಭಾನುವಾರ. ಕೊಲಂಬೊದಿಂದ ಬಂದ ಕಿಕ್ಕಿರಿದ ರೈಲು ಇಲ್ಲಿ ನಿಂತಿತು. ಸುನಾಮಿಯ ಮೊದಲ ಅಲೆಗೆ ಬೆದರಿದ ಹಳ್ಳಿಗರು ಮಕ್ಕಳನ್ನೆತ್ತಿಕೊಂಡು ರೈಲನ್ನೇ ಆಶ್ರಯವೆಂದು ಏರಿದರು. ಹಿಂದೆಯೇ ಬಂದ ಹಿರಿಯ ಅಲೆಯು ಗಾಡಿಯನ್ನೇ ಉರುಳಿಸಿತು. ಸಾವಿರಕ್ಕೂ ಹೆಚ್ಚು ಜನರು ಮಡಿದರು. ಅವರ ನೆನಪಿಗಾಗಿ ಜಪಾನೀಯರ ನೆರವಿನಿಂದ ನಿರ್ಮಿತವಾದ ಎತ್ತರದ ಬುದ್ಧಮೂರ್ತಿಯು ಅಲ್ಲಿ ನಿಂತಿರುವುದು.

ನಮ್ಮ ಮನೆಯವರು ಮೆಲ್ಲಗೆ, “ಸಮುದ್ರ ಮೇರೆ ಮೀರದೆಂದು ಹುಡುಗರಿಗೆ ಹೇಳಿಕೊಡುತ್ತಿದ್ದಿರಲ್ಲ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರವನ್ನು ಕೊಟ್ಟವನು ಸಾರಥಿ. ಅರೆ ತಮಿಳು, ಅರೆ ಇಂಗ್ಲಿಷಿನಲ್ಲಿ ಅವನು ಹೇಳಿದ ಸಂಗತಿಯನ್ನು ಅನಂತರ ಪುಸ್ತಕಗಳಲ್ಲಿಯೂ ಕಂಡೆವು. ಈ ತೀರದ ನೀರಿನೊಳಗೆ ಹವಳದ ದಿಬ್ಬಗಳುಂಟು. ಅವು ಅಲೆಯ ಬಲವನ್ನು ಮುರಿಯುವುವು. ಸುಣ್ಣ ಸುಡುವುದಕ್ಕಾಗಿ ಪೆರಾಲಿಯದ ಎದುರಿನ ಹವಳವನ್ನು ಬಹುಕಾಲ ಅಗೆದು ಸಾಗಿಸಿದ್ದರು. ಅಲ್ಲಿ ನೀರು ಸುಮಾರು ಒಂದೂವರೆ ಕಿಲೋಮೀಟರು ಒಳನುಗ್ಗಿತು. ಹವಳವು ಉಳಿದಿದ್ದ ನೆರೆಯ ಹಿಕ್ಕಡುವದಲ್ಲಾದರೋ ಅದು ಸುಮಾರು ಐವತ್ತು ಮೀಟರಿಗೇ ನಿಂತಿತೆಂದು ವಿಜ್ಞಾನಿಗಳು ಕಂಡಿರುವರು.

ಸಂಜೆ ಗಾಲ್ ಕೋಟೆಯ ಗೋಡೆಯ ಮೇಲೆ ಕುಳಿತೆವು. ಪೋರ್ಚುಗೀಸರು ಕಟ್ಟಲಾರಂಭಿಸಿ, 1640ರಲ್ಲಿ ಡಚ್ಚರು ಗೆದ್ದು ಬಲಪಡಿಸಿದ ಈ ಗೋಡೆಯೇ ಅಂದು ಒಳಗಿನ ಹಳೆಯ ಊರನ್ನು ಬಹುಮಟ್ಟಿಗೆ ಕಾಯ್ದಿತು. ಸೂರ್ಯನು ಮುಳುಗುತ್ತಿದ್ದನು, ಕಡಲು ಶಾಂತವಾಗಿದ್ದಿತು. ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು.

ಕವಿಗಳು ಹೇಳಿದ್ದು ಸುಳ್ಳೆಂದು ನಾವು ಈಗಲೂ ಹೇಳಲಾರೆವು. ಭೂಮಿಯೇ ನಡುಗಿದಾಗ ಕಡಲು ಮೇರೆ ಮೀರುವುದು, ದಿಟ. ಆದರೆ ಅದಕ್ಕೆ ಬಹು ಮೊದಲೇ ಆ ಮೇರೆಯನ್ನು ಅಗೆದು ಸುಟ್ಟವರು ಮನುಷ್ಯರು. ದಂಡ ತೆತ್ತವರು ಏನೂ ಅರಿಯದ ಪಯಣಿಗರು, ತಾಯಂದಿರು, ಕಂದಮ್ಮಗಳು. ನಮ್ಮ ಮೊಮ್ಮಗನಿಗೆ ಈಗ ಆ ಉಪಮಾನವನ್ನು ಹೇಳಿಕೊಡುವಾಗ, ಈ ಮಾತನ್ನೂ ಕೂಡಿಸಿ ಹೇಳುತ್ತಿದ್ದೇವೆ.