ಸೋರುವ ತೊಟ್ಟಿ

ವಡೋದರಾದ ನಮ್ಮ ಹಳೆಯ ನೆರೆಮನೆಯ ಕಾಕಾ ದೂರವಾಣಿ ಮಾಡಿ, ತಮ್ಮ ಮೀನಿನ ತೊಟ್ಟಿಯನ್ನು ನಮಗೆ ಕೊಡುವುದಾಗಿ ಹೇಳಿದರು. ಬೆಲೆ 800 ರೂಪಾಯಿ. ಕಬ್ಬಿಣದ ಸ್ಟ್ಯಾಂಡು ಜೊತೆಗೇ ಬರುತ್ತದೆ. ದೋಷ ಒಂದೇ, ಅದು ಸೋರುತ್ತದೆ.

ನಾವು ಎಂದರೆ ಗಂಡಹೆಂಡತಿ ಇಬ್ಬರು, ಹತ್ತನೆಯ ತರಗತಿಯ ಮಗಳು. ಕೇಂದ್ರ ಸರ್ಕಾರದ ನೌಕರಿ ನಮ್ಮನ್ನು ಸೂರತ್ತಿನಲ್ಲಿ ನಾಲ್ಕು ವರ್ಷ, ವಡೋದರಾದಲ್ಲಿ ಐದು ವರ್ಷ ಇರಿಸಿ ಈಗ ಅಹಮದಾಬಾದಿಗೆ ತಂದುಬಿಟ್ಟಿದೆ. ವರ್ಗಾವಣೆಯ ಸಂಸಾರದಲ್ಲಿ ಅಲಿಖಿತ ನಿಯಮವೊಂದಿದೆ: ಗಾಜಿನದು, ಮಣ್ಣಿನದು, ಜೀವವಿರುವುದು, ಈ ಮೂರನ್ನು ಮನೆಗೆ ತರಬಾರದು. ತಳಕ್ಕೆ ಹಾಸುವ ಮರಳನ್ನೂ ಲೆಕ್ಕಕ್ಕೆ ಹಿಡಿದರೆ ಮೀನಿನ ತೊಟ್ಟಿ ಮೂರೂ ಹೌದು. ಸೂರತ್ತಿನಲ್ಲಿದ್ದಾಗ ಮಗಳು ಪಾಲ್ ಬಡಾವಣೆಯ ಮಹಾನಗರಪಾಲಿಕೆಯ ಮತ್ಸ್ಯಾಲಯದಿಂದ ಅಳುತ್ತಲೇ ಹೊರಬರುತ್ತಿದ್ದಳು; ಆಗಲೂ ನಾವು ಕರಗಿರಲಿಲ್ಲ.

ಈ ಸಲ ಕರಗಿದ್ದು ಅಮ್ಮನಿಂದಾಗಿ. ನಮ್ಮಲ್ಲೊಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ. ಅಪ್ಪ ತೀರಿಕೊಂಡ ಮೇಲೆ ಕೊಪ್ಪದ ಕಡೆಯ ಮನೆಗೆ ಬೀಗ ಹಾಕಿಸಿ ಅವರನ್ನು ಕರೆತಂದಿದ್ದೇವೆ. ಬರುವಾಗಲೇ ಹಿಂದಿರುಗುವ ಟಿಕೆಟ್ಟು ಬೇಕೆಂದು ಹಟ ಹಿಡಿದಿದ್ದರು. ವಾರಕ್ಕೊಮ್ಮೆಯ ಯಶವಂತಪುರದ ರೈಲಿನಲ್ಲಿ ಕಾಯ್ದಿರಿಸಿದ್ದೆವು. ಏಳನೆಯ ಮಹಡಿಯ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆಯವರೆಗೆ ಅವರೊಬ್ಬರೇ. ನಾವು ಬಾಗಿಲು ತೆರೆದಾಗ ಅವರ ಮೊದಲ ಮಾತು ಗಂಟಲಲ್ಲಿ ಸಿಕ್ಕಿಕೊಂಡು ಬರುತ್ತದೆ. ದಿನವಿಡೀ ಬಾಯಿ ತೆರೆಯದವರ ದನಿ ಅದು.

ಒಂದು ಭಾನುವಾರ ಅವರನ್ನು ಸೈನ್ಸ್ ಸಿಟಿಗೆ ಕರೆದೊಯ್ದೆವು. 2021ರಲ್ಲಿ ತೆರೆದ ಅಲ್ಲಿನ ಮತ್ಸ್ಯಾಲಯದಲ್ಲಿ ನೀರಿನ ನಡುವೆ ಗಾಜಿನ ಸುರಂಗವಿದೆ. ನೆತ್ತಿಯ ಮೇಲೆ ಶಾರ್ಕ್ ಮೀನುಗಳು ಹಾಯುತ್ತವೆ. ಜನ ಮೊಬೈಲು ಎತ್ತಿ ನಡೆಯುತ್ತಿದ್ದರೆ ಅಮ್ಮ ಮಾತ್ರ ಗೋಡೆಗೆ ಕೈಯೂರಿ ನಿಂತೇ ಬಿಟ್ಟರು. “ಮೊದಲೇ ಹೇಳಿದ್ದರೆ ನಾಲ್ಕು ಕಾಳು ಮಂಡಕ್ಕಿ ತರ್ತಿದ್ದೆ ಮಾರಾಯ.” ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ ಕೂತು ಮೀನುಗಳಿಗೆ ಮಂಡಕ್ಕಿ ಎರಚಿದವರು ಅವರು. ಆ ದಿನ ಮನೆಗೆ ಮರಳಿದ ಮೇಲೂ ಮಾತಾಡಿದರು. ಕಾಕಾನ ಕರೆ ಬಂದದ್ದು ಅದೇ ವಾರ.

ಇಂಗ್ಲಿಷ್ ಎಂ.ಎ. ಓದಿದವರ ದುರಭ್ಯಾಸದಂತೆ ನಾವು ಮೊದಲು ಹುಡುಕಿದ್ದು ಪದವನ್ನು. ಲ್ಯಾಟಿನ್ನಿನಲ್ಲಿ ಅಕ್ವೇರಿಯಂ ಎಂದರೆ ದನಗಳಿಗೆ ನೀರು ಕುಡಿಸುವ ಜಾಗ. ಅದನ್ನು ಮೀನಿನ ಗಾಜುಮನೆಗೆ ರೂಢಿಗೆ ತಂದದ್ದು ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಪ್ರಕಟಿಸಿದ ಪುಸ್ತಕ. ಅವರ ಮಗ ಎಡ್ಮಂಡ್ ಗಾಸ್ ಬರೆದ ‘ಫಾದರ್ ಅಂಡ್ ಸನ್’ ಅನ್ನು ಹಿಂದೆ ಓದಿದ್ದೆವು. ತಂದೆಯ ತೊಟ್ಟಿಗಳಿಗಿಂತ ಆ ಮನೆಯ ಒಂಟಿ ಹುಡುಗನೇ ನೆನಪಿನಲ್ಲಿ ಉಳಿದಿದ್ದಾನೆ. ದನದ ವಿಷಯ ಕೇಳಿ ಅಮ್ಮ, “ಹಾಗಾದ್ರೆ ನಮ್ಮ ಕೊಟ್ಟಿಗೆ ಮುಂದಿನ ಕಲ್ಲುಮರಿಗೆ ಅನ್ನು” ಎಂದರು.

ಶನಿವಾರ ಎಲ್ಲರೂ ವಡೋದರಾಕ್ಕೆ ಹೋದೆವು. ಆ ತೊಟ್ಟಿ ನಮಗೆ ಅಪರಿಚಿತವೇನಲ್ಲ. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ಉಕ್ಕಿ ಊರೊಳಗೆ ಬಂದಾಗ ನಾವು ಎರಡನೆಯ ಮಹಡಿಯಲ್ಲಿದ್ದೆವು, ಕಾಕಾ ನೆಲಮಹಡಿಯಲ್ಲಿ. ಅವರನ್ನು ಮೇಲಕ್ಕೆ ಕರೆದುಕೊಂಡೆವು, ತೊಟ್ಟಿಯನ್ನು ತರಲಾಗಲಿಲ್ಲ. ಹೊರಗಿನ ನೀರು ಏರಿ ಒಳಗಿನ ನೀರನ್ನು ಕೂಡಿಕೊಂಡಾಗ ಮೀನುಗಳೆಲ್ಲ ಹೊರಟುಹೋದವು. ಮೊಸಳೆಗಳು ಬೀದಿಗೆ ಬಂದಿದ್ದ ದಿನಗಳವು. ಹೋದ ಮೀನುಗಳ ಗತಿಯನ್ನು ಕಾಕಾನ ಎದುರು ಯಾರೂ ಎತ್ತಲಿಲ್ಲ. ಕೆಸರು ತೊಳೆದು ಮತ್ತೆ ನೀರು ತುಂಬಿದಾಗ ಸೋರತೊಡಗಿತು. ಮಗ ಕೆನಡಾದಲ್ಲಿ. ರಿಪೇರಿಗೆ ಮನಸ್ಸು ಬರಲಿಲ್ಲ ಎಂದರು ಕಾಕಾ.

ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಂಚಿನವರೆಗೆ ತುಂಬಿದರೆ ಸುಮಾರು 160 ಲೀಟರ್. ಎಂದರೆ 160 ಕಿಲೋ ನೀರು, ಗಾಜು ಮರಳು ಬೇರೆ. ಏಳನೆಯ ಮಹಡಿಯಲ್ಲಿ ಅದು ಒಡೆದರೆ ಆರನೆಯ ಮಹಡಿಯವರಿಗೂ ಸುದ್ದಿ ಮುಟ್ಟುತ್ತದೆ. ಗಾಜು ಬಿರುಕು ಬಿಟ್ಟಿದ್ದರೆ ಬೇಡ, ಗಾಜಿಗೆ ಗಾಜು ಅಂಟಿದ ಸಂದಿನಲ್ಲೇ ಗುಳ್ಳೆಗಳಿದ್ದರೂ ಬೇಡ, ಒಳಮೂಲೆಯ ಸಿಲಿಕೋನ್ ಪಟ್ಟಿ ಮಾತ್ರ ಎದ್ದಿದ್ದರೆ ಕೊಳ್ಳುವುದು ಎಂದು ದಾರಿಯಲ್ಲೇ ಮಾತಾಡಿಕೊಂಡಿದ್ದೆವು. ಕಾಕಾನ ಜಗಲಿಯಲ್ಲಿ ನೀರು ತುಂಬಿದೆವು. ಕಾಲು ಗಂಟೆಯಲ್ಲಿ ಬಲಮೂಲೆಯಿಂದ ಹನಿ ಬಿತ್ತು. “ಇಲ್ಲೇ” ಎಂದೆವು ನಾವು.

“ಅಲ್ಲಲ್ಲ” ಎಂದರು ಅಮ್ಮ. “ಹಂಚು ಒಡೆದದ್ದು ಒಂದು ಕಡೆ, ಹನಿ ಬೀಳೋದು ಇನ್ನೊಂದು ಕಡೆ.” ಮಲೆನಾಡಿನ ಐವತ್ತು ಮಳೆಗಾಲಗಳಲ್ಲಿ ಸೋರುವ ಮಾಡಿನ ಕೆಳಗೆ ಪಾತ್ರೆಯಿಟ್ಟವರ ಮಾತು. ಅವರು ಕಾಕಿಯತ್ತ ತಿರುಗಿ, ಚಿಟಿಕೆ ಹಿಡಿದ ಬೆರಳುಗಳಿಂದ ನೆಲದ ಮೇಲೆ ಗೆರೆಯೆಳೆದು ತೋರಿಸಿ, “ರಂಗೋಲಿ” ಎಂದರು. “ರಂಗೋಳಿ!” ಎಂದು ಕಾಕಿ ಒಳಗೆ ಓಡಿ ಬಿಳಿ ಪುಡಿಯ ಡಬ್ಬಿ ತಂದರು. ಅಮ್ಮ ತಳದಂಚಿನ ಸುತ್ತ ಗಾಜನ್ನು ಒರೆಸಿ ಒಣಗಿಸಿ, ಸಂದಿಗೆ ತಾಗಿಸಿ ಸಣ್ಣಗೆ ಪುಡಿ ಎಳೆದರು. ಎಲ್ಲರೂ ಬಗ್ಗಿ ನೋಡುತ್ತಿದ್ದಂತೆ ಗೆರೆ ಒದ್ದೆಯಾದದ್ದು ಮೊದಲು ಹಿಂಬದಿಯ ನಡುವೆ. ಅಲ್ಲಿಂದ ನೀರು ಅಂಚು ಹಿಡಿದು ಬಲಮೂಲೆಗೆ ಸರಿಯಿತು. ನೀರು ಖಾಲಿ ಮಾಡಿ ನೋಡಿದರೆ ಆ ಜಾಗದ ಒಳಪಟ್ಟಿ ಉಗುರಿಗೇ ಎದ್ದುಬಂತು. ಗಾಜಿನ ಸಂದಿನಲ್ಲಿ ಗುಳ್ಳೆಗಳಿರಲಿಲ್ಲ. ಕಾಕಿ ಗುಜರಾತಿಯಲ್ಲಿ, ಅಮ್ಮ ಕನ್ನಡದಲ್ಲಿ, ಬಹಳ ಹೊತ್ತು ಮಾತಾಡಿದರು.

ಆದರೂ ಅಲ್ಲೇ ಹಣ ಕೊಡಲು ಕೈ ಬರಲಿಲ್ಲ. ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಹಿಡಿಯದು. ಒಳಪಟ್ಟಿಯನ್ನೆಲ್ಲ ಬ್ಲೇಡಿನಿಂದ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ ಹೊಸದಾಗಿ ಎಳೆಯಬೇಕು. ಬಚ್ಚಲುಮನೆಗೆಂದು ಮಾರುವ, ಬೂಷ್ಟು ತಡೆಯುವ ಬಗೆಯಾದರೆ ಮೀನಿಗೆ ವಿಷ. ಒಣಗಲು ಒಂದು ವಾರ, ನೀರು ತುಂಬಿ ಕಾಯಲು ಎರಡು ದಿನ. ಆಮೇಲೂ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಕೂಡಿಸಿದರೆ ಏಳು ವಾರವೂ ಆದೀತು. ಅಮ್ಮನ ಟಿಕೆಟ್ಟು ಆರನೆಯ ವಾರಕ್ಕೆ.

ನಮ್ಮಲ್ಲೊಬ್ಬರು ಟೆಂಪೋ ಬಾಡಿಗೆಯೇ ತೊಟ್ಟಿಯ ಎರಡರಷ್ಟಾಗುತ್ತದೆ ಎಂದರು. ಇನ್ನೊಬ್ಬರು ಮುಂದಿನ ವರ್ಗಾವಣೆಯನ್ನು ನೆನಪಿಸಿದರು. ಇಬ್ಬರೂ ಟಿಕೆಟ್ಟಿನ ಮಾತೆತ್ತಲಿಲ್ಲ. ಅವರು ಇರುತ್ತಾರೆಯೇ ಎಂದು ಕೇಳುವ ಧೈರ್ಯ ನಮಗಿರಲಿಲ್ಲ; ಇರಿ ಎನ್ನಲು, ಈ ಏಳನೆಯ ಮಹಡಿಯಲ್ಲಿ ಅವರಿಗೆ ಕೊಡಲು ನಮ್ಮಲ್ಲಿ ಇದ್ದದ್ದಾದರೂ ಏನು?

ಅಷ್ಟರಲ್ಲಿ ಅಮ್ಮ ತಮ್ಮ ಪರ್ಸಿನಿಂದ ನೂರರ ಎಂಟು ನೋಟು ಎಣಿಸಿ ಕಾಕಿಯ ಕೈಯಲ್ಲಿಟ್ಟರು.

ತೊಟ್ಟಿ ಈಗ ನಮ್ಮ ಬಾಲ್ಕನಿಯಲ್ಲಿದೆ. ಮೂರು ದಿನ ಮನೆಯೆಲ್ಲ ವಿನೆಗರ್ ವಾಸನೆ. ಸಿಲಿಕೋನ್ ಒಣಗುವ ಬಗೆ ಅದು. ಮೊನ್ನೆ ನೀರು ತುಂಬಿ ಕೆಳಗೆ ಗುಜರಾತಿ ಪತ್ರಿಕೆ ಹಾಸಿದ್ದೇವೆ, ಒದ್ದೆಯಾದರೆ ತಿಳಿಯಲೆಂದು. ರಾತ್ರಿ ಎರಡು ಗಂಟೆಗೆ ಬಾಲ್ಕನಿಯ ದೀಪ ಹತ್ತಿತು. ಅಮ್ಮ ಮಂಡಿಯೂರಿ ಪತ್ರಿಕೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. “ಒಣಗೇ ಇದೆ. ಮಲಕ್ಕೊಳ್ಳಿ” ಎಂದರು.