ಅಪ್ಪನ ಯೆಜ್ಡಿ... ಅಣ್ಣನ ರುಜು!

ತೆರೆಯ ಮೇಲೆ ಹೀರೋ ಗೋಡೌನ್ ಬಾಗಿಲು ತೆಗೀತಾನೆ, ಟಾರ್ಪಾಲ್ ಎಳೀತಾನೆ, ಧೂಳು ಹಾರುತ್ತೆ... ಮರುಕ್ಷಣ ಹಳೇ ಗಾಡಿ ಫಳಫಳ! ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಆದರೆ ಆ ಎರಡು ಶಾಟ್‌ಗಳ ನಡುವೆ ಏನೇನು ನಡೆಯುತ್ತೆ ಅಂತ ಯಾವ ಡೈರೆಕ್ಟರೂ ನನಗೆ ತೋರಿಸಿಲ್ಲ. ತೋರಿಸಿದರೆ ಚಿತ್ರ ಮೂರು ಗಂಟೆಯಲ್ಲ, ಮೂರು ವರ್ಷ ಓಡಬೇಕಾಗುತ್ತೆ!

ನಮ್ಮಪ್ಪ ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಮೇಷ್ಟ್ರು. 1984ರ ಯೆಜ್ಡಿ ರೋಡ್‌ಕಿಂಗ್ ಅವರದು. 2021ರಲ್ಲಿ ಅವರು ತೀರಿಕೊಂಡರು. ಮನೆ ಪಾಲಾಯಿತು, ಜಮೀನು ಪಾಲಾಯಿತು, ಅಣ್ಣನಿಗೂ ನನಗೂ ಮಾತು ನಿಂತುಹೋಯಿತು. ಪಾಲಾಗದೆ ಉಳಿದದ್ದು ಕೊಟ್ಟಿಗೆಯಲ್ಲಿ ನಿಂತಿದ್ದ ಆ ಯೆಜ್ಡಿ ಒಂದೇ. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಕೇಳಿದ. ಪಿಯುಸಿ ಅರ್ಧಕ್ಕೇ ಬಿಟ್ಟು ಪತ್ರಿಕೆಗಳಿಗೆ ಬರೆದು ಬದುಕುವವನಿಗೆ ಆ ದುಡ್ಡೂ ದೊಡ್ಡದೇ. ಆದರೂ ಮನಸ್ಸು ಒಪ್ಪಲಿಲ್ಲ.

ಯೆಜ್ಡಿ ನಮ್ಮ ಮೈಸೂರಿನ ಕೂಸು ಕಣ್ರೀ! ಚೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು ಇಲ್ಲೇ ತಯಾರಿಸಲು ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಎಪ್ಪತ್ತರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು! ಕಿಕ್ ಹೊಡೆಯೋ ಲಿವರೇ ಗೇರ್ ಲಿವರ್! 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿ ಬಂದಿದೆ ನಿಜ. ಆದರೆ ಅದು ಫೋರ್ ಸ್ಟ್ರೋಕ್, ಇದು ಟೂ ಸ್ಟ್ರೋಕ್. ಅದರ ಎಂಜಿನ್ ಸಾಮಾನು ಇದಕ್ಕೆ ಕೂರೋಲ್ಲ.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಬ್ಬ ಹಳೇ ಮೇಸ್ತ್ರಿ ಗಾಡಿ ಬಿಚ್ಚಿದರು. ಪಿಸ್ಟನ್, ರಿಂಗ್, ಕ್ಲಚ್ ಪ್ಲೇಟ್ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹೊಸದೇ ಸಿಕ್ಕವು. ಸಿಲಿಂಡರ್ ಬೋರ್ ಮಾಡಿಸಿದ್ದಾಯಿತು. ಕಷ್ಟವಾದದ್ದು ಕಂಪನಿಯ ಅಸಲಿ ಸಾಮಾನು. ಯೆಜ್ಡಿ ಅಂತ ಅಚ್ಚಿರುವ ಎಂಜಿನ್ ಕವರ್‌ಗಾಗಿ ಆರು ತಿಂಗಳು ಅಲೆದೆ. ಕೊನೆಗೆ ಸಿಕ್ಕಿದ್ದು ಗುಬ್ಬಿಯಲ್ಲಿ, ಮುಚ್ಚಿಹೋದ ಸೈಕಲ್ ಶಾಪಿನ ಅಟ್ಟದ ಮೇಲೆ. ಅಣ್ಣಾವ್ರನ್ನು 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ತೆರೆಗೆ ಕೊಟ್ಟ ಗುಬ್ಬಿ ವೀರಣ್ಣನವರ ಊರು, ನನಗೆ ಕೊಟ್ಟದ್ದು ಎಂಜಿನ್ ಕವರ್!

ಸೈಲೆನ್ಸರ್ ಡೂಪ್ಲಿಕೇಟ್ ಹಾಕೋಣವೆಂದರೆ ಮೇಸ್ತ್ರಿ ಒಪ್ಪಲಿಲ್ಲ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಬರೀ ಸದ್ದಡಗಿಸುವ ಕೊಳವೆಯಲ್ಲವಂತೆ; ಸುಡದೆ ಹೊರಗೋಡುವ ಪೆಟ್ರೋಲ್ ಹೊಗೆಯನ್ನು ತಡೆದು ಹಿಂದಕ್ಕೆ ತಳ್ಳೋದೂ ಅದೇ. ಅಳತೆ ತಪ್ಪಿದರೆ ಸದ್ದೂ ಹೋಯ್ತು, ಎಳೆತವೂ ಹೋಯ್ತು. ಒಳಗೆ ಕಟ್ಟಿದ್ದ ಕಾರ್ಬನ್ ಸುಟ್ಟು, ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಹಳೆಯದನ್ನೇ ಉಳಿಸಿದರು.

ಆಮೇಲೆ ಕಂಡಿತು ನೋಡಿ ನಿಜವಾದ ವಿಲನ್... ಫ್ರೇಮಿನ ಕುತ್ತಿಗೆಯಲ್ಲಿ ಬಿರುಕು! "ಬೇರೆ ಛಾಸಿ ಹಾಕಿ ನಂಬರ್ ಹೊಡೆಸಿಬಿಡು ಗುರು, ಯಾರು ನೋಡ್ತಾರೆ?" ಅಂದವರು ಬೇಕಾದಷ್ಟು ಜನ. ಮೇಸ್ತ್ರಿ ಮಾತ್ರ ಹೇಳಿದರು: "ಅದು ಕಳ್ಳಗಾಡಿಯವರ ಕೆಲ್ಸ. ನಂಬರ್ ಬದಲಾದ್ರೆ ಇದು ನಿಮ್ಮಪ್ಪನ ಗಾಡಿ ಅಲ್ಲ ಕಣಪ್ಪ. ಯಾರ್ದೋ ಗಾಡಿಗೆ ನಿಮ್ಮಪ್ಪನ ಬಣ್ಣ ಬಳಿದಂಗೆ." ಬಿರುಕಿನ ತುದಿಗೆ ತೂತು ಕೊರೆದು, ವೆಲ್ಡ್ ಮಾಡಿ, ಮೇಲೆ ಪಟ್ಟಿ ಕೂರಿಸಿದರು.

ಆ ಮಾತಿನ ಬೆಲೆ ಗೊತ್ತೇ? 1968ರ ಹಾಲಿವುಡ್ ಚಿತ್ರ 'ಬುಲಿಟ್'ನಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಮಸ್ಟಾಂಗ್ ಕಾರನ್ನು 1974ರಲ್ಲಿ ಒಂದು ಕುಟುಂಬ ಕೊಂಡಿತು. 1977ರಲ್ಲಿ ಸ್ವತಃ ಮೆಕ್ವೀನ್ ಪತ್ರ ಬರೆದು ಕೇಳಿದರೂ ಕೊಡಲಿಲ್ಲ! ಅಪ್ಪನಿಂದ ಮಗನಿಗೆ ಬಂದ ಆ ಕಾರು 2020ರ ಜನವರಿಯ ಹರಾಜಿನಲ್ಲಿ 34 ಲಕ್ಷ ಡಾಲರಿಗೆ ಹೋಯಿತು. ಹೊಸ ಬಣ್ಣವಿಲ್ಲ, ಹೊಳಪಿಲ್ಲ, ತುಕ್ಕೂ ಹಾಗೇ! ಇದೇ ಆ ಕಾರು ಅಂತ ಸಾಕ್ಷಿ ಹೇಳಿದ್ದು ಅದರ ಮೈಮೇಲಿನ ನಂಬರು.

ನಮ್ಮಲ್ಲೂ 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಆದರೆ ಛಾಸಿ, ಎಂಜಿನ್ ಬದಲಾಯಿಸಿರಬಾರದು. ದಿನನಿತ್ಯ ಓಡಿಸುವಂತೆಯೂ ಇಲ್ಲ. ಅಪ್ಪನ ಗಾಡಿಗೆ 2034ರಲ್ಲಿ 50 ತುಂಬುತ್ತೆ.

ಎಂಜಿನ್ ಸದ್ದು ಬಂತು. ಆದರೆ ಆರ್.ಸಿ. ಪುಸ್ತಕ ಇನ್ನೂ ಅಪ್ಪನ ಹೆಸರಿನಲ್ಲೇ! ಅದನ್ನು ನನ್ನ ಹೆಸರಿಗೆ ಮಾಡಿಸಲು ಫಾರಂ 31 ಕೊಡಬೇಕು, ಜೊತೆಗೆ ಉಳಿದ ವಾರಸುದಾರರ ಒಪ್ಪಿಗೆ. ಅಮ್ಮ ರುಜು ಹಾಕಿದರು. ಅಣ್ಣ?

ಕುಣಿಗಲ್ ಬಸ್ಸು ಹತ್ತಿದೆ. ಅವನು ಇರೋದು ಅಲ್ಲೇ, ಕುದುರೆ ಫಾರ್ಮಿನ ಊರಿನಲ್ಲಿ. ಬಾಗಿಲಲ್ಲೇ ನಿಂತು ಕಾಗದ ಓದಿದ. "ನಂಬರ್ ಅದೇನಾ?" ಅಂದ. "ಅದೇ" ಅಂದೆ. ಮೂರು ವರ್ಷದಲ್ಲಿ ನಾವು ಆಡಿದ ಮೊದಲ ಮಾತು ಅಷ್ಟೇ! ರುಜು ಹಾಕಿದ. ಒಳಗೆ ಹೋಗಿ ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಪ್ಲಗ್ ಸ್ಪ್ಯಾನರ್ ತಂದ. "ಗಾಡೀದು. ತಗೊಂಡೋಗು." ಅತ್ತಿಗೆ ಊಟಕ್ಕೆ ಎಬ್ಬಿಸಿದರು. ಕೂತೆ.

ಗೆಳೆಯರೇ, ನಿಮ್ಮ ಕೊಟ್ಟಿಗೆಯಲ್ಲೂ ಇಂಥದೊಂದು ಇದ್ದರೆ, ಬಣ್ಣದ ಡಬ್ಬಿ ಕೊಳ್ಳುವ ಮೊದಲು ಛಾಸಿ ನಂಬರ್ ಉಜ್ಜಿ ನೋಡಿ, ಪುಸ್ತಕದ ಜೊತೆ ತಾಳೆ ಮಾಡಿ. ಮಾಲೀಕರು ತೀರಿಕೊಂಡರೆ 30 ದಿನದಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು, 3 ತಿಂಗಳಲ್ಲಿ ಅರ್ಜಿ ಹಾಕಬೇಕು. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಬೇಕು. ಹೊಳಪು ಯಾವಾಗ ಬೇಕಾದರೂ ಬರುತ್ತೆ. ಮನೆಮಂದಿಯ ರುಜು ಮಾತ್ರ ಯಾವ ಜೆ.ಸಿ. ರೋಡಿನಲ್ಲೂ ಸಿಗೋಲ್ಲ!