ಇಲ್ಲದ ಸವತಿ

ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಸವತಿ ಇದ್ದಳೆಂದು ವಂಶಾವಳಿಯಲ್ಲಿ ಬರೆದು, ಅಚ್ಚು ಹಾಕಿಸಿ, ಆಲಮೇಲದ ಮನೆಮಂದಿಗೆಲ್ಲ ಹಂಚಿದವನು ನಾನು.

ಆಯಿಯ ಮದುವೆಗೆ ಸರ್ಕಾರಿ ಪ್ರಮಾಣಪತ್ರವಿಲ್ಲ. ಆಗ ನಮ್ಮ ಕಡೆ ಅದನ್ನು ಮಾಡಿಸುವ ರೂಢಿಯೇ ಇರಲಿಲ್ಲ. ಸಿಕ್ಕಿದ್ದು ಎರಡು ಕಾಗದ. ನಮ್ಮ ಮನೆಯ ಆಯಾರದ, ಅಂದರೆ ಮದುವೆಯ ಉಡುಗೊರೆಗಳ, ಯಾದಿಯ ನೆತ್ತಿಯ ಮೇಲೆ ‘ಶಕೆ 1869, ಸರ್ವಜಿತ್ ಸಂವತ್ಸರ, ಫಾಲ್ಗುಣ ಶುದ್ಧ’ ಎಂದಿತ್ತು. ಆಯಿಯ ತವರು ಭೀಮೆಯ ಆಚೆ, ಅಫಜಲಪುರದ ಕಡೆ. ಆಗ ಅದು ನಿಜಾಮನ ಸೀಮೆ. ತವರಿನವರ ಮದುವೆ ಖರ್ಚಿನ ವಹಿಯಲ್ಲಿ ಅಲ್ಲಿನ ಕಾಲಗಣನೆಯಂತೆ ‘ಫಸಲಿ 1357, ಅರ್ದಿಬೆಹಿಷ್ಟ್’ ಎಂದಿತ್ತು. ಎರಡರಲ್ಲೂ ಮದುಮಗಳ ತಂದೆ ಒಬ್ಬನೇ, ಮದುಮಗಳ ಹೆಸರು ಮಾತ್ರ ಬೇರೆ ಬೇರೆ.

ಶಕೆಗೆ 78 ಕೂಡಿಸಿದೆ, 1947 ಬಂತು. ಫಸಲಿ ಬಲ್ಲ ಹಿರಿಯರೊಬ್ಬರು ವಹಿ ನೋಡಿ 1948ರ ಮಾರ್ಚ್ ಎಂದರು. ಅಲ್ಲಿಗೆ, ಅಜ್ಜ ವರ್ಷದೊಳಗೇ ಹೆಂಡತಿಯ ತಂಗಿಯನ್ನೂ ಮಾಡಿಕೊಂಡ ಎಂದು ತೀರ್ಮಾನಿಸಿಬಿಟ್ಟೆ. ಆಲಮೇಲ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ಹೆಂಡತಿ ಇರುವಾಗಲೇ ಹಿಂದೂಗಳು ಇನ್ನೊಂದು ಮದುವೆಯಾಗುವುದನ್ನು ಆ ಸರ್ಕಾರ 1946ರಲ್ಲೇ ಕಾಯಿದೆ ಮಾಡಿ ನಿಷೇಧಿಸಿತ್ತು. ಅದಾದರೂ ನನ್ನಲ್ಲಿ ಅನುಮಾನ ಹುಟ್ಟಿಸಬೇಕಿತ್ತು.

ಆಯಿಯ ಮಗಳು, ನನ್ನ ಅತ್ತಿ, ಹಾಳೆಯನ್ನು ಎರಡೆರಡು ಸಲ ಓದಿದಳು. “ನಮ್ಮವ್ವಗ ಸವತಿ ಇದ್ಳಂತ ಬರದೀಯಲ್ಲಪಾ, ಯಾರ್ ಹೇಳ್ಯಾರ ನಿನಗ?” ಆಕೆಯ ಕಣ್ಣು ತುಂಬಿದ್ದವು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಆಕೆಯೇ ಹೇಳಿದಳು: ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿ ಆಯಿಯನ್ನು ಮನೆ ತುಂಬಿಸಿಕೊಂಡಿದ್ದರಂತೆ. ಯಾದಿಯಲ್ಲಿದ್ದದ್ದು ಆ ಹೆಸರು, ವಹಿಯಲ್ಲಿದ್ದದ್ದು ತವರಿನ ಹೆಸರು. ಇಬ್ಬರೂ ಒಬ್ಬಳೇ.

ವರ್ಷದ ಲೆಕ್ಕದಲ್ಲೂ ನಾನೇ ತಪ್ಪಿದ್ದೆ. ಶಕೆ ಬದಲಾಗುವುದು ಯುಗಾದಿಗೆ. ಫಾಲ್ಗುಣ ಅದರ ಕೊನೆಯ ಮಾಸ. ಅಷ್ಟರಲ್ಲಿ ಇಂಗ್ಲಿಷ್ ಕ್ಯಾಲೆಂಡರ್ ಹೊಸ ವರ್ಷಕ್ಕೆ ಬಂದಿರುತ್ತದೆ, ಹಾಗಾಗಿ ಕೂಡಿಸಬೇಕಾದದ್ದು 79. ಹೈದರಾಬಾದಿನ ಫಸಲಿ ಅಕ್ಟೋಬರಿನಲ್ಲಿ ಆಜೂರ್ ತಿಂಗಳಿಂದ ಶುರುವಾಗುತ್ತಿತ್ತು. ಅರ್ದಿಬೆಹಿಷ್ಟ್ ಆರನೆಯದು, ಅಂದರೆ ಮಾರ್ಚ್. ಎರಡೂ ಕಾಗದ 1948ರ ಒಂದೇ ಮದುವೆಯವು.

ಹಂಚಿದ ಹಾಳೆಗಳನ್ನು ಮನೆಮನೆಗೆ ಹೋಗಿ ವಾಪಸು ಪಡೆದೆ. ಆಯಿ ಈಗಿಲ್ಲ, ಆಕೆಯ ಕ್ಷಮೆ ಕೇಳುವಂತಿಲ್ಲ. ನಿಮ್ಮ ಮನೆಯಲ್ಲಿ ಇಂಥ ಕಾಗದಗಳಿದ್ದರೆ ಶಕೆಯ ಜೊತೆಗೆ ಮಾಸವನ್ನೂ ಓದಿ. ಮದುಮಗಳ ತವರಿನ ಹೆಸರೇನಿತ್ತೆಂದು ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ, ಅದೂ ಅಚ್ಚಿಗೆ ಕೊಡುವ ಮೊದಲೇ.